ಹಸಿರು ಪೊಟ್ಟಣ ಮತ್ತು ಉಪ್ಪುನೀರಿನ ಇಲಿ

ತೈನಾನ್ ನಗರದ ಆ ಪ್ರಯೋಗಾಲಯದಲ್ಲಿದ್ದಂಥ ಹಟಮಾರಿ ಯಂತ್ರ ಮೂರು ಲೋಕ ಜಾಲಾಡಿದರೂ ಸಿಗುತ್ತಿರಲಿಲ್ಲ. ಇಲಿಯ ಮಿದುಳಿಗೆ ಇಳಿಸಿದ ಕೂದಲೆಳೆಯಂಥ ಕೊಳವೆಯಿಂದ ರಸ ತೆಗೆದುಕೊಟ್ಟರೆ, ಅದರಲ್ಲಿ ಆಸೆ-ಖುಷಿಗಳ ಹೊತ್ತಿಗೆ ಏರುವ ರಾಸಾಯನಿಕ ಡೋಪಮೀನ್ ಎಷ್ಟಿದೆಯೆಂದು ಗೆರೆ ಎಳೆದು ತೋರಿಸುವುದು ಅದರ ಕೆಲಸ. ಅದೂ ಮನಸ್ಸು ಬಂದರೆ. ಮನಸ್ಸು ಬರಲೆಂದೇ ಅದರ ನೆತ್ತಿಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದು ಸದಾ ಕೂತಿರಬೇಕು. ಹಳದಿ ಇಟ್ಟರೆ ಮುನಿಸು. ಅವಧಿ ಮೀರಿದ್ದನ್ನು ಇಟ್ಟರೆ ಮುಷ್ಕರ. ಹಿಂದೊಮ್ಮೆ ಯಾರೋ ಹಸಿವು ತಾಳದೆ ಅದನ್ನು ಒಡೆದು ತಿಂದದ್ದಕ್ಕೆ ಇಡೀ ಬೀದಿಯ ಕರೆಂಟೇ ಹೋಗಿತ್ತು.

ಅವತ್ತು ಮಧ್ಯಾಹ್ನ ಸಂಶೋಧನಾ ವಿದ್ಯಾರ್ಥಿನಿ ಯು-ವೆನ್‌ಳ ಎದೆ ಬಡಿತಕ್ಕೆ ಪಂಜರದ ಇಲಿಗಳೆಲ್ಲ ಕಿವಿ ನಿಮಿರಿಸಿದವು. ಆಂಫೆಟಮೀನ್ ಚುಚ್ಚಿದ ಇಲಿಯ ಗೆರೆ ಸರಿಯಾಗಿಯೇ ಇತ್ತು. ಆ ಮದ್ದು ನರಕೋಶಗಳ ಉಗ್ರಾಣದ ಬಾಗಿಲು ಒಡೆದು ಡೋಪಮೀನನ್ನು ಹೊರಗೆ ಸುರಿದಿತ್ತು. ಗೆರೆ ಹಿಮಾಲಯವೂ ನಾಚುವಂತೆ ಎದ್ದಿತ್ತು. ಹೋಲಿಕೆಗೆಂದು ಬರೀ ಉಪ್ಪುನೀರು ಚುಚ್ಚಿಸಿಕೊಂಡ ಇಲಿಯದು ಮಾತ್ರ ಗದ್ದೆಯ ಹಾಗೆ ಮಟ್ಟಸವಾಗಿರಬೇಕಿತ್ತು. ಅಲ್ಲೊಂದು ಗುಡ್ಡ ಎದ್ದು ಇಳಿದಿತ್ತು.

"ಅಣ್ಣ, ಉಪ್ಪುನೀರಿನ ಸೀಸೆಗೆ ಮದ್ದು ಬೆರೆತುಹೋಗಿದ್ಯೋ ಏನೋ," ಎಂದಳು ಹಿರಿಯ ಸಂಶೋಧಕ ಬೋ-ಷುನ್‌ಗೆ. "ಹಾಗಾದ್ರೆ ಈ ವರ್ಷದ ನನ್ನ ಇಲಿಗಳೆಲ್ಲ ದಂಡ. ವೆಂಗ್ ಮೇಷ್ಟ್ರು ಇನ್ನೇನು ಬಂದ್ಬಿಡ್ತಾರೆ."

ಬೋ-ಷುನ್ ಕತ್ತು ಕೆರೆದುಕೊಂಡ. "ನೀನು ಊಟಕ್ಕೆ ಹೋದಾಗ ಯಂತ್ರದ ಮೇಲಿನ ಪೊಟ್ಟಣ ಬದಲಾಯಿಸ್ದೆ. ಅವಧಿ ಮುಗೀತಾ ಇತ್ತು. ಹಳೇದನ್ನ ಕಸಕ್ಕೆ ಹಾಕೋಕೆ ಧೈರ್ಯ ಬರ್ಲಿಲ್ಲ. ಪಾಪ, ಆ ಇಲಿಗೆ ಸಿಕ್ಕಿದ್ದು ಬರೀ ಉಪ್ಪುನೀರು ತಾನೇ ಅಂತ ಎರಡು ಚೂರು ಕೊಟ್ಟೆ."

"ಉಳಿದಿದ್ದು?"

"ನಾನೇ ತಿಂದೆ."

"ನಿಮ್ಮ ಮಿದುಳಿಗೂ ಒಂದು ಕೊಳವೆ ಇಳಿಸ್ಬೇಕು."

ರುಚಿಯಾದ ತಿಂಡಿಗೂ ಡೋಪಮೀನ್ ಏರುತ್ತದೆ, ಮದ್ದಿನಷ್ಟಲ್ಲದಿದ್ದರೂ. ಆ ಇಲಿಗೆ ಏನನ್ನೂ ಚುಚ್ಚದೆ ಅದೇ ತಿಂಡಿ ಕೊಟ್ಟಾಗ ಅದೇ ಗುಡ್ಡ ಎದ್ದರೆ ಸೀಸೆ ನಿರಪರಾಧಿ. ಆದರೆ ತಿಂಡಿ ಉಳಿದಿದ್ದು ಒಂದೇ ಕಡೆ. ಇಬ್ಬರೂ ಯಂತ್ರದ ನೆತ್ತಿ ನೋಡಿದರು.

"ಬೇಡಮ್ಮ," ಎಂದ ಬೋ-ಷುನ್. "ಅದು ನಿಂತೋದ್ರೆ ಗುಡ್ಡಾನೂ ಇಲ್ಲ, ಗದ್ದೆನೂ ಇಲ್ಲ."

ಯು-ವೆನ್ ಕೈಜೋಡಿಸಿ ಯಂತ್ರಕ್ಕೆ ತಲೆಬಾಗಿದಳು. ಪೊಟ್ಟಣ ಒಡೆದ ಸದ್ದು ಸಿಡಿಲಿನಂತೆ ಕೇಳಿಸಿತು. ಇಲಿ ಎರಡು ಚೂರು ಮೆದ್ದು ಮೀಸೆ ಒರೆಸಿಕೊಂಡಿತು. ಯಂತ್ರ ಗುರ್ರೆಂದಿತು, ಸುಮ್ಮನಾಯಿತು, ಮತ್ತೆ ಗುರ್ರೆಂದಿತು. ಇಬ್ಬರೂ ಒಂದು ಯುಗ ಉಸಿರು ಬಿಗಿಹಿಡಿದರು. ಕೊನೆಗೆ ಗೆರೆ ನಿಧಾನವಾಗಿ ಎದ್ದಿತು: ಅದೇ ಗುಡ್ಡ, ಅದೇ ಎತ್ತರ.

ಅಷ್ಟರಲ್ಲಿ ವೆಂಗ್ ಮೇಷ್ಟ್ರು ಒಳಗೆ ಬಂದರು. ಯು-ವೆನ್ ಒಂದೂ ಬಿಡದೆ ಎಲ್ಲ ಹೇಳಿದಳು.

"ಈ ಇಲಿಯ ಲೆಕ್ಕ ಬಿಡು. ಮಿಕ್ಕಿದ್ದೆಲ್ಲ ಸರಿಯಾಗಿದೆ," ಎಂದ ಮೇಷ್ಟ್ರ ಕಣ್ಣು ಯಂತ್ರದ ನೆತ್ತಿಗೆ ಹೋಗಿ ಅಲ್ಲೇ ನಿಂತಿತು. ಅಲ್ಲಿ ಪೊಟ್ಟಣವೇ ಇರಲಿಲ್ಲ.

"ಬೋ-ಷುನ್, ಓಡು. ಹಸಿರೇ ತರ್ಬೇಕು. ಯು-ವೆನ್, ಅವನು ಬರೋವರೆಗೂ ಇದರ ಹತ್ರ ಜೋರಾಗಿ ಉಸಿರಾಡ್ಬೇಡ."