ಕಂಪನಿಗೆ ಗೊತ್ತಿರಲಿಲ್ಲ

"ಒಳಗೆ ಇಳಿಯೋ ಬೋಳಿಮಗನೇ! ತೊಗಲು ಕೊಳೀತಾ ಬಿದ್ದಿದೆ, ಇವನಿಗೆ ಈಗ ಭಯ ಬಂತಂತೆ ಭಯ!"

ಸೂಪರ್‌ವೈಸರ್ ನನ್ನ ಅಣ್ಣನ ಕುಂಡಿಗೆ ಒದ್ದ. ನಾವು ಹೆಂಗಸರು ಸಾಲಾಗಿ ನಿಂತು, ದಿಮ್ಮಿಗಳ ಮೇಲೆ ಹಸಿ ತೊಗಲು ಹಾಸಿ, ಎರಡು ಹಿಡಿಯ ಬಾಗುಕತ್ತಿಯಲ್ಲಿ ಅಂಟಿದ ಮಾಂಸ ಕೆರೆಯುತ್ತಿದ್ದೆವು. ನನ್ನ ಪಕ್ಕದಲ್ಲಿ ಅತ್ತಿಗೆ. ಗಂಡನಿಗೆ ಬಿದ್ದ ಒದೆಯ ಸದ್ದಿಗೆ ಅವಳ ಕತ್ತಿ ಒಮ್ಮೆ ತಡೆದು ಮತ್ತೆ ಓಡಿತು.

ಅಣ್ಣ ಇಳಿಯಬೇಕಾದ ಡ್ರಮ್ ಅಂದರೆ ಕೋಣೆಯಷ್ಟು ದೊಡ್ಡ ಮರದ ಪೀಪಾಯಿ, ಅಡ್ಡ ಮಲಗಿಸಿದ್ದು. ಒಳಗೋಡೆಗೆಲ್ಲ ಮೊಳಕೈ ಉದ್ದದ ಗೂಟಗಳು. ತೊಗಲು, ಸುಣ್ಣದ ನೀರು ತುಂಬಿ ತಿರುಗಿಸಿದರೆ ಗೂಟಗಳು ತೊಗಲನ್ನು ಮೇಲಕ್ಕೆ ಒಯ್ದು ಕೆಳಕ್ಕೆ ಒಗೆಯುತ್ತವೆ. ನಿಂತ ಮೇಲೆ ಒಬ್ಬ ಒಳಗೆ ಹೋಗಿ ತಳದ ಲೋಳೆ ಬಳಿಯಬೇಕು. ಅದು ಅಣ್ಣನ ಕೆಲಸ.

"ಸ್ವಿಚ್ ಆರಿಸಿದ್ರೂ ಮೊನ್ನೆ ಅಲ್ಲಾಡ್ತು ಸ್ವಾಮಿ. ಮೇನ್ ಸ್ವಿಚ್ಚೇ ತೆಗೆಸಿ, ಇಳೀತೀನಿ."

"ಮೇನ್ ತೆಗೆದ್ರೆ ಇಡೀ ಶೆಡ್ಡೇ ನಿಲ್ಲುತ್ತೆ. ನಿಮ್ಮಪ್ಪ ಬಂದು ಮಿಷನ್ ತಿರುಗಿಸ್ತಾನಾ? ಇಳಿಯೋ!"

ಅಣ್ಣ ಅತ್ತಿಗೆಯ ಕಡೆ ನೋಡಿ ಹಲ್ಲು ಕಿರಿದ. "ಮುಖ ಯಾಕೆ ಹಾಗೆ ಮಾಡ್ತೀಯೇ? ಸುಣ್ಣದಲ್ಲಿ ಮುಳುಗೆದ್ದು ಬಂದ್ರೆ ನಿನ್ನ ಗಂಡ ಮದುಮಗನ ಹಾಗೆ ಬೆಳ್ಳಗಾಗ್ತಾನೆ."

ಬಾಗಿಲ ಕಿಂಡಿಯಲ್ಲಿ ತಲೆ ತೂರಿಸಿದ, ಮೈ ತೂರಿಸಿದ. ಒಳಗಿಂದ ಕೆಮ್ಮು ಕೇಳಿಸಿತು. ಆಮೇಲೆ ಡ್ರಮ್ ತಿರುಗಿತು.

ಸ್ವಿಚ್ಚಿನ ಹತ್ತಿರ ನರಪಿಳ್ಳೆ ಇರಲಿಲ್ಲ. ಮೊದಲು ಅಣ್ಣನ ಕೂಗು. ಆಮೇಲೆ ಏನೋ ಒದ್ದೆಯದು ಎತ್ತರದಿಂದ ಬೀಳುವ ಸದ್ದು, ಮತ್ತೆ ಮತ್ತೆ. ಫಿಟ್ಟರ್ ಓಡಿಹೋಗಿ ಮೇನ್ ಎಳೆಯುವಷ್ಟರಲ್ಲಿ ಕೂಗು ನಿಂತು ಎಷ್ಟೋ ಹೊತ್ತಾಗಿತ್ತು. ಹೊರಗೆ ತೆಗೆದಾಗ ಮುಖದ ಜಾಗದಲ್ಲಿ ಮುಖ ಇರಲಿಲ್ಲ. ಅತ್ತಿಗೆ ಅವನ ಪಾದ ಒರೆಸಿದಳು. ಒರೆಸುವುದಕ್ಕೆ ನೆಟ್ಟಗೆ ಉಳಿದಿದ್ದು ಅದೊಂದೇ.

ಮಣ್ಣು ಮಾಡಿ ಬಂದ ಮಾರನೆಯ ದಿನ ವಿಚಾರಣೆ. ಅಷ್ಟರಲ್ಲಿ ಡ್ರಮ್ ತೊಳೆದಿದ್ದರು. ಬೆಳಗ್ಗೆ ಒಂದು ಲೋಡು ತೊಗಲು ಆಗಲೇ ತಿರುಗಿಸಿ ತೆಗೆದಿದ್ದರು, ತಳದ ಸುಣ್ಣದ ನೀರು ಹಾಗೇ ಇತ್ತು. ಶೆಡ್ಡಿನ ನಡುವೆ ಕುರ್ಚಿ ಹಾಕಿ, ಸರ್ಕಾರದಿಂದ ಬಂದ ಸಾಹೇಬನನ್ನು ಕೂರಿಸಿದರು. ಅವನು ಮೂಗಿಗೆ ಕರ್ಚೀಫು ಹಿಡಿದೇ ಮಾತಾಡಿದ.

"ಡ್ರಮ್ ತಾನಾಗಿ ತಿರುಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಫಿಟ್ಟರ್ ಮುಂದೆ ಬಂದ. "ಸ್ವಿಚ್ಚಿನ ಸ್ಪ್ರಿಂಗ್ ಸಡಿಲ ಆಗಿದೆ ಅಂತ ಸೂಪರ್‌ವೈಸರ್‌ಗೆ ಹೇಳಿದ್ದೆ ಸಾರ್."

"ಸ್ಪ್ರಿಂಗ್ ಅಂದ ಸಾರ್, ತಿರುಗುತ್ತೆ ಅನ್ನಲಿಲ್ಲ," ಅಂದ ಸೂಪರ್‌ವೈಸರ್. "ನಾನು ಮ್ಯಾನೇಜರ್‌ಗೆ ಏನೋ ಸಣ್ಣ ರಿಪೇರಿ ಇದೆ ಅಂದೆ."

"ಸಣ್ಣ ರಿಪೇರಿ ಎಲ್ಲಿಲ್ಲ ಹೇಳಿ," ಅಂದ ಮ್ಯಾನೇಜರ್. ಬಿಳಿ ಅಂಗಿ, ಬೆರಳಲ್ಲಿ ಉಂಗುರ. "ಧಣಿಗಳವರೆಗೆ ಹೋಗೋ ವಿಷಯವಾ ಅದು?"

ಸಾಹೇಬ ತಲೆದೂಗಿದ. "ಅಲ್ಲಿಗೆ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಅಂದ್ಮೇಲೆ ಕಂಪನಿಗೆ ಗೊತ್ತಿರಲಿಲ್ಲ."

"ಸ್ವಾಮಿ," ಅಂದಳು ಅತ್ತಿಗೆ. ಅತ್ತು ಅತ್ತು ಅವಳ ಗಂಟಲು ಒಡೆದಿತ್ತು. "ತೊಗಲಿನ ಚೂರು ಕದ್ದಳು ಅಂತ ನಮ್ಮಲ್ಲಿ ಒಬ್ಬಳನ್ನ ಗೇಟಲ್ಲಿ ಸೀರೆ ಬಿಚ್ಚಿಸಿ ನಿಲ್ಸಿದ್ರಲ್ಲ, ಆವತ್ತು ಇದೇ ಮ್ಯಾನೇಜರ್ ಏನಂದ್ರು? ಕಂಪನಿಗೆ ಎಲ್ಲಾ ಗೊತ್ತಾಗುತ್ತೆ ಅಂದ್ರು. ಚೂರು ತೊಗಲು ಕಾಣೋ ಕಂಪನಿಗೆ ನನ್ನ ಗಂಡ ಕಾಣಲಿಲ್ವಾ?"

"ಅದು ಮಾತಿಗೆ ಹೇಳೋದಮ್ಮ. ಕಂಪನಿ ಅನ್ನೋದು ಮನುಷ್ಯ ಅಲ್ಲ. ಅದಕ್ಕೆ ತಲೆ ಇದೆಯಾ, ಗೊತ್ತಾಗೋದಕ್ಕೆ?" ಅಂದ ಸಾಹೇಬ.

ನನ್ನ ಹಿಂದಿದ್ದ ಮುದುಕಿ ಗೊಣಗಿದಳು: "ತಲೆ ಇಲ್ಲ, ಬಾಯಿ ಮಾತ್ರ ಊರಗಲ."

ಯಾರೋ ಕಿಸಕ್ಕನೆ ನಕ್ಕರು. ಆಗ ಲೀಡರ್ ಎದ್ದು ನಿಂತ. ಕೂಲಿಗಳ ಸಂಘಕ್ಕೆ ಅವನನ್ನು ನಾವು ಆರಿಸಿದ್ದಲ್ಲ. ಮ್ಯಾನೇಜರ್ ಅವನ ಕೊರಳಿಗೆ ಹಾರ ಹಾಕಿದ ದಿನ ಲೀಡರ್ ಆದವನು.

"ಸಾರ್, ಕಾರ್ಮಿಕರೆಲ್ಲರ ಪರವಾಗಿ ಹೇಳ್ತಿದೀನಿ. ಡ್ರಮ್ ಸುಸ್ಥಿತಿಯಲ್ಲಿತ್ತು ಅನ್ನೋದೇ ನಮ್ಮೆಲ್ಲರ ನಂಬಿಕೆ. ಸತ್ತವನು ಕುಡಿದು ಇಳಿದಿದ್ದ."

ಅಣ್ಣ ಹೆಂಡ ಮುಟ್ಟಿದವನಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಒಬ್ಬರೂ ನಂಬದ್ದನ್ನು ನಾವೆಲ್ಲರೂ ನಂಬಿದ್ದೆವಂತೆ! ಡ್ರಮ್ ತಾನಾಗಿ ಅಲ್ಲಾಡಿದ್ದನ್ನು ಮುದುಕಿ ಕಂಡಿದ್ದಳು. ರಜೆಯ ದಿನ ಖಾಲಿ ಶೆಡ್ಡಿನಲ್ಲಿ ಅದು ಗಡಗಡ ಅಂದದ್ದನ್ನು ಗೇಟಿನವನು ಕೇಳಿದ್ದ. ನನ್ನ ಹತ್ತಿರ ಅಣ್ಣನೇ ಹೇಳಿದ್ದ. ಎಲ್ಲರಿಗೂ ಗೊತ್ತಿತ್ತು. ಪಕ್ಕದವಳಿಗೂ ಗೊತ್ತಿದೆ ಅನ್ನುವುದು ಮಾತ್ರ ಈಗ, ಒಬ್ಬಳ ಕಣ್ಣಲ್ಲಿ ಇನ್ನೊಬ್ಬಳು ಅದನ್ನು ಕಂಡಾಗ ಗೊತ್ತಾಯಿತು.

"ಯಾರ ನಂಬಿಕೆಯೋ ಅದು, ಎಂಜಲುಬುರುಕ ಸೂಳೆಮಗನೇ?" ಮುದುಕಿ ಕಿರುಚಿದಳು. "ನನ್ನ ಕೇಳಿದ್ಯಾ? ಇವಳ ಕೇಳಿದ್ಯಾ?"

"ಸರಿಯಾಗಿದೆ ಅಂತಾರಲ್ಲ," ಅಂದಳು ಅತ್ತಿಗೆ, ಸಾವಕಾಶವಾಗಿ. "ಹಾಗಿದ್ರೆ ಮ್ಯಾನೇಜರ್ ಸ್ವಾಮಿ ಒಂದು ಸಲ ಒಳಗೆ ಹೋಗಿ ಬರ್ಲಿ."

ಮ್ಯಾನೇಜರ್ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದ. ಉಂಗುರ ತಗುಲಿ ತುಟಿ ಸೀಳಿತು. "ತೊಗಲು ನಾರೋ ಮುಂಡೆ, ಗಂಡನ್ನ ತಿಂದಿದ್ದು ಸಾಲ್ದಾ? ಪರಿಹಾರದ ಆಸೆಗೆ ನಾಟಕ ಆಡ್ತೀಯಾ?"

ಅವಳು ರಕ್ತ ಉಗಿದಳು. ಅದು ಬಿಳಿ ಅಂಗಿಯ ಮೇಲೆ ಬಿತ್ತು. ಸೂಪರ್‌ವೈಸರ್ ತೊಗಲು ಎತ್ತುವ ಕೋಲು ಬೀಸಿದ. ಅವಳ ಭುಜಕ್ಕೆ ಬಿತ್ತು. ಎರಡನೇ ಸಲ ಅವನು ಕೋಲೆತ್ತುವಾಗ ಅವನ ಮಣಿಕಟ್ಟು ನನ್ನ ಹಲ್ಲುಗಳ ನಡುವೆ ಇತ್ತು. ಬಿಡಲಿಲ್ಲ. ನರವೋ ಏನೋ ಕಟಕ್ಕಂತು. ಮುದುಕಿ ಅವನ ಮೊಣಕಾಲಿಗೆ ದಿಮ್ಮಿ ಉರುಳಿಸಿದಳು. ಲೀಡರ್ ಶೆಡ್ಡಿನ ಗಿಡ್ಡ ಗೋಡೆ ಹಾರಿ ಓಡಿದ. ಅವನ ಒಂದು ಚಪ್ಪಲಿ ಸುಣ್ಣದ ಗುಂಡಿಯಲ್ಲಿ ತೇಲಿತು.

ಮ್ಯಾನೇಜರ್‌ನ ಮೇಲೆ ಎಷ್ಟು ಕೈ ಬಿದ್ದವೋ ಹೇಳಲಾರೆ. ಕೂದಲು, ಬೆಲ್ಟು, ಕಾಲು, ಸಿಕ್ಕಿದ್ದನ್ನು ಹಿಡಿದು ಎಳೆದೆವು. "ಅವನನ್ನ ಹಾಕಿ" ಅಂತ ಒಬ್ಬರೂ ಹೇಳಲಿಲ್ಲ. ಡ್ರಮ್ಮಿನ ಕಿಂಡಿಗೆ ಅವನ ತಲೆ ತೂರಿಸುವಾಗ ನನ್ನ ಕೈಯೂ ಅವನ ಕತ್ತಿನ ಮೇಲಿತ್ತು. ಬಾಗಿಲು ಜಡಿದು ಅಗುಳಿ ಹಾಕಿದೆವು.

ಒಳಗಿಂದ ಗುದ್ದು. ಆಮೇಲೆ ಹೆಂಗಸಿನಂತೆ ಸಣ್ಣದಾದ ಅವನ ದನಿ:

"ತೆಗೀರೇ! ತಾನಾಗೇ ತಿರುಗುತ್ತೆ ಅದು! ಧಣಿಗೂ ಹೇಳಿದ್ದೆ ಕಣ್ರೇ... ಹೊಸ ಮಾಲು ಹೋಗ್ಲಿ, ಆಮೇಲೆ ನೋಡೋಣ ಅಂದ್ರು! ನಿಮ್ಮ ಕಾಲು ಹಿಡೀತೀನಿ ಅಕ್ಕಂದಿರಾ!"

ಅತ್ತಿಗೆ ಸಾಹೇಬನ ಮುಂದೆ ಹೋಗಿ ನಿಂತಳು.

"ಕೇಳಿಸ್ತಾ? ಬರ್ಕೊಳಿ."

ಸಾಹೇಬ ಪೆನ್ನಿನ ಮುಚ್ಚಳ ಮುಚ್ಚಿದ. "ಹೆದರಿಸಿ ಹೇಳಿಸಿದ್ದು ಲೆಕ್ಕಕ್ಕೆ ಬರಲ್ಲಮ್ಮ. ಅದೂ ಅಲ್ಲದೆ... ಅದು ಅವನೊಬ್ಬನ ಮಾತು. ಕಂಪನಿಯ ಮಾತಲ್ಲ."

ಆಗ ಡ್ರಮ್ ಒಮ್ಮೆ ಜಗ್ಗಿತು.

ಎಲ್ಲರೂ ಸ್ವಿಚ್ಚಿನ ಕಡೆ ತಿರುಗಿದೆವು. ಅಲ್ಲಿ ಯಾರೂ ಇರಲಿಲ್ಲ. ಡ್ರಮ್ ನರಳಿತು, ಒಂದು ಗೇಣು ಉರುಳಿತು, ನಿಂತಿತು, ಮತ್ತೆ ಉರುಳತೊಡಗಿತು. ಒಳಗಿನ ಕೂಗಿನಲ್ಲಿ ಮಾತು ಉಳಿಯಲಿಲ್ಲ.

ಫಿಟ್ಟರ್ ಮೇನ್ ಕಡೆ ಓಡಿದ. ಅವನಿಗಿಂತ ಮೊದಲೇ ಅತ್ತಿಗೆ ಅಲ್ಲಿದ್ದಳು. ಕೆರೆಯುವ ಕತ್ತಿಯ ಎರಡೂ ಹಿಡಿ ಅವಳ ಮುಷ್ಟಿಯಲ್ಲಿದ್ದವು, ಅಲಗು ಅವನ ಕಡೆಗಿತ್ತು.

"ಅತ್ತಿಗೇ," ಅಂದೆ ನಾನು. ಮುಂದೆ ಏನು ಹೇಳಬೇಕು ಅಂತ ಬಾಯಿ ತೆರೆದೆನೋ ನನಗೇ ತಿಳಿಯಲಿಲ್ಲ. ಹೋಗಿ ಅವಳ ಪಕ್ಕ ನಿಂತೆ. ಮುದುಕಿ ಕುಂಟುತ್ತ ಬಂದಳು. ಗೇಟಲ್ಲಿ ಸೀರೆ ಬಿಚ್ಚಿಸಿಕೊಂಡವಳು ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಮೇನಿಗೆ ಬೆನ್ನು ಕೊಟ್ಟು ನಿಂತೆವು.

"ಮನುಷ್ಯ ಸಾಯ್ತಾನೆ ಕಣಮ್ಮಾ!" ಸಾಹೇಬ ಅರಚಿದ. "ಬಿಡಿ, ಅವನಿಗೆ ಮೇನ್ ಎಳೆಯೋಕೆ ಬಿಡಿ!"

"ಧಣಿನ ಕರೆಸಿ," ಅಂದಳು ಅತ್ತಿಗೆ. "ಅವನೇ ಬಂದು ಎಳೀಲಿ."

ಫಿಟ್ಟರ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಿಸಿದ. ಡ್ರಮ್ಮಿನ ಬಾಗಿಲ ಸಂದಿಯಿಂದ ಸುಣ್ಣದ ನೀರು ಸೋರುತ್ತ ನೆಲದ ಇಳಿಜಾರಿಗೆ ಹರಿದು ಬಂತು. ಬೆಳ್ಳಗೆ ಬರುತ್ತಿದ್ದದ್ದು ಬರುಬರುತ್ತ ಕೆಂಪಗಾಯಿತು. ಸಾಹೇಬ ಬೂಟುಗಾಲೆರಡನ್ನೂ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ.