ದರಾನಿಗಳು ದರಾನಿಗಳನ್ನು ಕೊಂದ ಕಥೆ

ಕಲ್ಯಾಣಪುರದ ಅಲೆಕ್ಸಾಂಡರ್ ಬರೆದ ಯುದ್ಧದ ಕಾದಂಬರಿಯಲ್ಲಿ ಮೂವತ್ತೊಂದು ಕೊಲೆಗಳಿದ್ದವು. ಮೊದಲನೆಯದೊಂದೇ ನಿಜ: ಗಲ್ಫ್‌ನಲ್ಲಿ ದರಾನಿ ಪಂಗಡದ ಸಾಹುಕಾರನ ಲಾರಿ ಓಡಿಸುತ್ತಿದ್ದ ಅಲೆಕ್ಸಾಂಡರರ ಗೆಳೆಯ ಎಡ್ವಿನ್‌ನನ್ನು ಝುಮ್ರಿ ಪಂಗಡದವರು ಗುಂಡಿಕ್ಕಿ ಕೊಂದದ್ದು. ಆಮೇಲೆ ಇವರು ಅವರನ್ನು, ಅವರು ಇವರನ್ನು, ಮದುವೆಯ ಮುಯ್ಯಿ ತೀರಿಸಿದ ಹಾಗೆ ಸರದಿ ತಪ್ಪದೆ ಕೊಲ್ಲುತ್ತಿದ್ದರು.

ಹಿರಿಯಡ್ಕದ ಪ್ರೆಸ್ಸಿನಲ್ಲಿ ಅದನ್ನು ಟೈಪ್ ಮಾಡಿದವಳು ಕುಶಲಾ. ಕೊನೆಯ ಪ್ರೂಫ್ ಮುಗಿದ ದಿನ ಅಲೆಕ್ಸಾಂಡರ್ ಒಬ್ಬರೇ ಬಂದು ಅವಳ ಕುರ್ಚಿಯ ಪಕ್ಕ ಬಗ್ಗಿದರು.

“ನನ್ನ ಮಗ ಶೆಲ್ಡನ್‌ಗೆ ಗಲ್ಫ್‌ನಲ್ಲಿಯೇ ಕೆಲಸ ಸಿಕ್ಕಿತು ಮಾರಾಯ್ತಿ. ಬಾಸ್ ಝುಮ್ರಿಯಂತೆ. ಝುಮ್ರಿ ಇದ್ದಲ್ಲಿ ದರಾನಿ ಹಾಕು, ದರಾನಿ ಇದ್ದಲ್ಲಿ ಝುಮ್ರಿ. ಯಾರಿಗೂ ಹೇಳುವುದು ಬೇಡ, ಆಯ್ತಾ?”

ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಸೇಡು ಎಷ್ಟು ಸಲೀಸಾಗಿ ಮಗ್ಗುಲು ಬದಲಿಸಿತು! ಕುಶಲಾ ಕಂಪ್ಯೂಟರಿನಲ್ಲಿ ಮೊದಲು ದರಾನಿಗಳನ್ನೆಲ್ಲ ಒಟ್ಟಿಗೆ ಝುಮ್ರಿ ಮಾಡಿದಳು, ಆಮೇಲೆ ಝುಮ್ರಿಗಳನ್ನೆಲ್ಲ ದರಾನಿ. ಹಾಗೆ ಮಾಡಿದರೆ ಪುಸ್ತಕದ ತುಂಬ ದರಾನಿಗಳೇ ಉಳಿಯುತ್ತಾರೆಂದು ಅವಳಿಗೆ ಹೊಳೆದದ್ದು ಬೈಂಡಿಂಗ್ ಆದ ಮೇಲೆ. ಕೆಲಸ ಹೋಯಿತೆಂದೇ ಹೆದರಿದಳು. ಮಗಳು ಮೋಕ್ಷಾಳ ನರ್ಸಿಂಗ್ ಓದು ನಡೆಯುತ್ತಿದ್ದದ್ದು ಅದೇ ಸಂಬಳದಲ್ಲಿ.

ಬಿಡುಗಡೆಯ ದಿನ ಸಭೆಯ ಹಿಂದೆ ಕೂತಿದ್ದ ಅವಳಿಗೆ ಆ ಹೆದರಿಕೆ ದಂಡವೆನಿಸಿತು. ಪುಸ್ತಕವನ್ನು ಮೊದಲೇ ಓದಿಕೊಂಡು ಬಂದಿದ್ದ ಮಣಿಪಾಲದ ಪ್ರೊಫೆಸರು “ಇಂಥ ಸ್ಪಷ್ಟತೆ ಅಪರೂಪ” ಎಂದು ಹೊಗಳಿದರು. ದರಾನಿಗಳು ದರಾನಿಗಳನ್ನು ಕೊಂದು, ಅದಕ್ಕೆ ಸೇಡಾಗಿ ದರಾನಿಗಳೇ ದರಾನಿಗಳ ಊರು ಸುಟ್ಟರೂ ಪ್ರೊಫೆಸರಿಗೆ ಎಲ್ಲೂ ಗೊಂದಲವಾಗಿರಲಿಲ್ಲ.

ಎದುರು ಸಾಲಿನಲ್ಲಿ ಪುಟ ತಿರುವುತ್ತಿದ್ದ ಎಡ್ವಿನ್‌ನ ಹೆಂಡತಿ ಡುಲ್ಸಿನ್ ಬಾಯಿ ಎದ್ದು ನಿಂತರು.

“ಅಲೆಕ್ಸ್ ಬಾಬ್, ನನ್ನ ಎಡ್ವಿನ್‌ನನ್ನು ಕೊಂದದ್ದು ಝುಮ್ರಿಗಳು ಅಂತ ನೀವೇ ಅಲ್ವಾ ಬಂದು ಹೇಳಿದ್ದು? ಇದರಲ್ಲಿ ದರಾನಿ ಅಂತ ಉಂಟು. ಅವರು ಅನ್ನ ಕೊಟ್ಟವರು. ಹೆಣ ಊರಿಗೆ ಕಳಿಸಿದವರು. ಇದು ಎಂತ?”

ಅಲೆಕ್ಸಾಂಡರ್ ಗಡಿಬಿಡಿಯಲ್ಲಿ ಪುಸ್ತಕ ಬಿಡಿಸಿದರು. ಎಲ್ಲೆಲ್ಲೂ ದರಾನಿಗಳು! ಬತ್ತಿದ್ದ ಮುಖಕ್ಕೆ ಜೀವ ಬಂತು.

“ಪ್ರೆಸ್ಸಿನವರ ತಪ್ಪು! ಟೈಪ್ ಮಾಡಿದ ಈ ಹೆಂಗಸು ಪುಸ್ತಕವನ್ನೇ ಹಾಳು ಮಾಡಿದ್ದಾಳೆ!”

ಪ್ರೆಸ್ಸಿನ ಮಾಲಕ ತಿರುಗಿ ಕುಶಲಾಳನ್ನು ದುರುಗುಟ್ಟಿ ನೋಡಿದ. ಅವಳಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು.

“ತಪ್ಪು ನನ್ನದೇ. ಪುಸ್ತಕದ ತುಂಬ ಉಂಟು,” ಎಂದಳು. “ಆದರೆ ಡುಲ್ಸಿನ್ ಬಾಯಿ ಓದಿದ ಆ ಸಾಲಿನಲ್ಲಿ ತಪ್ಪಿಲ್ಲ ಸರ್. ನೀವು ಬದಲಿಸಲಿಕ್ಕೆ ಹೇಳಿದ ಹಾಗೆಯೇ ಉಂಟು.”

ಕುಶಲಾಳ ಕೆಲಸ ಅಂದೇ ಹೋಯಿತು. ಶೆಲ್ಡನ್‌ನ ಕೆಲಸ ಈಗಲೂ ಇದೆ.