ಹಾರಿದ ರಾಜ

"ಅಜ್ಜಾರೆ, ರಾಜ ಹಂಗೆ ಹಾರಂಗಿಲ್ಲ."

ಎದುರಾಳಿಯಾಗಿ ಕೂತ ಹುಡುಗಿ ಭವ್ಯಾ ಮೆಲ್ಲಗೇ ಹೇಳಿದಳು. ಆದರೂ ಪಕ್ಕದ ಮೇಜಿನವರು ತಿರುಗಿ ನೋಡಿದರು. ರಾಜನನ್ನು ಹಿಡಿದ ಹಯಾತ್ ಸಾಬರ ಕೈ ಚದುರಂಗದ ಹಲಗೆಯ ಮೇಲೆ ನಿಂತುಬಿಟ್ಟಿತು. ಹರಿಹರದಲ್ಲಿ ತಮ್ಮ ಗಡಿಯಾರದಂಗಡಿಯ ಕಟ್ಟೆಯ ಮೇಲೆ ಅವರು ನಲವತ್ತು ವರ್ಷ ಆಡಿದ ಆಟದಲ್ಲಿ ರಾಜನಿಗೆ ಒಂದೇ ಒಂದು ಸಲ ಕುದುರೆಯಂತೆ ಹಾರುವ ಹಕ್ಕಿತ್ತು. ದಾವಣಗೆರೆಯ ಈ ಪಂದ್ಯಾವಳಿಯಲ್ಲಿ ಇರಲಿಲ್ಲ. ತಲೆಗೆ ಗೊತ್ತಿತ್ತು, ಕೈ ಮರೆತಿತ್ತು.

ತೀರ್ಪುಗಾರರು ಬಂದರು. "ಮುಟ್ಟಿದ ಕಾಯಿನೇ ನಡೆಸಬೇಕ್ರಿ, ಸಾಬ್ರೆ."

ಸಾಬರು ರಾಜನನ್ನು ಒಂದು ಮನೆ ಮುಂದಿಟ್ಟರು. ಆಟದ ಎಂಟನೇ ನಡೆಗೇ ಅವನು ಕೋಟೆಯಿಲ್ಲದೆ ಬಯಲಿಗೆ ಬಿದ್ದ.

ನಾಲ್ಕು ಸುತ್ತು ಆಗಲೇ ಸೋತಿದ್ದರು, ಇದು ಕೊನೆಯದು. ಬೆಳಿಗ್ಗೆ ಬಸ್ಸಿನಲ್ಲಿ ಹೆಂಡತಿ ಫಕ್ರುನ್ನೀಸಾಗೆ, "ಇವತ್ತು ಎಲ್ಲಾ ಸೋತರೆ ನಮ್ಮ ಹಲಗೆ ಅಟ್ಟಕ್ಕೆ. ಇನ್ನು ಮುಟ್ಟಲ್ಲ," ಎಂದಿದ್ದರು.

"ಅಟ್ಟದಾಗೆ ಜಾಗ ಇಲ್ಲ," ಎಂದಿದ್ದಳು ಆಕೆ.

ಎರಡು ಗಂಟೆ ಕಳೆಯಿತು. ಕೊನೆಗೆ ಸಾಬರಿಗೆ ಉಳಿದವನು ರಾಜನೊಬ್ಬನೇ. ಭವ್ಯಾಗೆ ರಾಜ ಮತ್ತು ಒಬ್ಬ ಸಿಪಾಯಿ. ಸಿಪಾಯಿ ತುದಿ ಮುಟ್ಟಿದರೆ ಮಂತ್ರಿಯಾಗುತ್ತಿದ್ದ. ಆದರೆ ಬಯಲಲ್ಲೇ ಅಲೆದಾಡಿದ್ದ ಸಾಬರ ರಾಜ ಹತ್ತಿರದಲ್ಲೇ ಇದ್ದ. ಅಡ್ಡ ನಿಂತ. ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ, ಆಟ ಶುರುವಾದಾಗ ಇದ್ದ ಮನೆಗೇ ಬಂದು ನಿಂತ. ಭವ್ಯಾ ಬಹಳ ಹೊತ್ತು ಯೋಚಿಸಿ ತನ್ನ ರಾಜನನ್ನು ಸಿಪಾಯಿಯ ಬೆನ್ನಿಗೆ ತಂದಳು.

ಸಾಬರು ನೋಡಿದರು. ಶಹ ಇಲ್ಲ, ಅಂದರೆ ರಾಜನ ಮೇಲೆ ದಾಳಿಯಿಲ್ಲ; ನಡೆಯಲು ಮನೆಯೂ ಇಲ್ಲ. ಕಟ್ಟೆಯ ಆಟದಲ್ಲಿ ನಡೆಯಿಲ್ಲದವನು ಸೋತಂತೆ. ಕನ್ನಡಕ ತೆಗೆದು ಕೈ ಚಾಚಿದರು. "ಗೆದ್ದೆ ಕಣವ್ವ. ಚೆನ್ನಾಗಿ ಆಡಿದೆ."

ಅವಳು ಆ ಕೈ ಹಿಡಿದವಳು ಬಿಡಲಿಲ್ಲ. "ಎಲ್ಲಿ ಗೆದ್ದೆ ಅಜ್ಜಾರೆ? ಶಹ ಇಲ್ದೆ ನಡೆ ನಿಂತ್ರೆ ಇಲ್ಲಿ ಡ್ರಾ. ಅರ್ಧ ಅಂಕ ನಿಮ್ದು. ನನ್ನ ಬಹುಮಾನ ಹೋತು ನೋಡ್ರಿ!"

"ನಿಜಾನಾ?"

"ಬೇಕಾದ್ರೆ ಅವರನ್ನೇ ಕೇಳ್ರಿ."

ತೀರ್ಪುಗಾರರು ತಲೆಯಾಡಿಸಿದರು. ಸಾಬರು ಕನ್ನಡಕ ಒರೆಸಿಕೊಂಡರು. ಆಮೇಲೆ ಮತ್ತೆ ಒರೆಸಿಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಫಕ್ರುನ್ನೀಸಾ ಬುತ್ತಿ ಬಿಚ್ಚಿದ್ದಳು. ಭವ್ಯಾ ಸಾಬರ ಹಿಂದೆಯೇ ಬಂದಳು. "ಆ ಹಾರೋ ಆಟ ಹೆಂಗೆ? ನಂಗೂ ಹೇಳಿಕೊಡ್ರಿ."

"ಮೊದಲು ಉಣ್ಣು, ಬಾ," ಎಂದು ಫಕ್ರುನ್ನೀಸಾ ರೊಟ್ಟಿ ಕೊಟ್ಟಳು. ಸಾಬರು ಚೀಲದಿಂದ ಹಳೆಯ ಹಲಗೆ ತೆಗೆದರು. "ನಮ್ಮಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ನಡೀತಾನೆ."

ಒಂದು ಕೈಯಲ್ಲಿ ರೊಟ್ಟಿ ಹಿಡಿದ ಭವ್ಯಾ, ಹತ್ತನೆಯದೋ ಹನ್ನೊಂದನೆಯದೋ ನಡೆಗೆ ತನ್ನ ರಾಜನನ್ನು ಎತ್ತಿದಳು. ಸಿಪಾಯಿಗಳ ತಲೆಯ ಮೇಲಿಂದ ಹಾರಿಸಿ ಇಟ್ಟು, ಯಾರಾದರೂ ಬೈಯುತ್ತಾರೇನೋ ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು.